ಆ್ಯಪ್‌ನಿಂದ ಭಾಷೆ ಎಷ್ಟರ ಮಟ್ಟಿಗೆ ಬರುತ್ತೆ? ಕಲಿಯೋರು, ಕಲಿಸೋರು ಇಬ್ರೂ ಹೇಳಿ

ಹಂಪಿನಗರದ_ಅಕ್ಕ:

ನಮಸ್ಕಾರ ಎಲ್ರಿಗೂ. ಭಾನುವಾರ ಬೆಳಗ್ಗೆ ನಮ್ಮ ಬಡಾವಣೇಲಿ ಹೊರಗಿಂದ ಬಂದೋರಿಗೆ ಕನ್ನಡ ಹೇಳ್ಕೊಡ್ತೀನಿ, ಫೀಸ್ ಗೀಸ್ ಏನಿಲ್ಲ, ಬಂದೋರು ಬರ್ತಾರೆ, ಕೂತ್ಕೊಂಡು ಮಾತಾಡ್ತೀವಿ ಅಷ್ಟೇ. ಹೊಸಬರು ಬಂದ ತಕ್ಷಣ ಕೇಳೋದೇ "ಮೇಡಂ, ಯಾವ ಆ್ಯಪ್ ಹಾಕ್ಕೊಳ್ಳಲಿ" ಅಂತ. ಇದನ್ನ ಸ್ವಲ್ಪ ಸೀರಿಯಸ್ಸಾಗಿ ಮಾತಾಡೋಣ ಅಂತ ಇಲ್ಲಿ ಹಾಕ್ತಿದೀನಿ, ಯಾಕಂದ್ರೆ ನಂಗೆ ಸಿಗೋರೆಲ್ಲ ಎರಡೇ ಥರ, ಆ್ಯಪ್ ಇದ್ರೆ ಮೇಷ್ಟ್ರು ಯಾಕೆ ಅನ್ನೋರು, ಇಲ್ಲಾ ಆ್ಯಪ್ ಎಲ್ಲಾ ಬರೀ ಟೈಂಪಾಸ್ ಅನ್ನೋರು. ನಂಗೆ ಎರಡೂ ಒಪ್ಪಿಗೆ ಇಲ್ಲ.

ಲಿಪಿ ವಿಷಯದಲ್ಲಂತೂ ಫೋನು ನನಗಿಂತ ಒಳ್ಳೇ ಮೇಷ್ಟ್ರು, ಇದನ್ನ ಮನಸಾರೆ ಹೇಳ್ತೀನಿ. ಹಾಲ್‌ನಲ್ಲಿ ಎಲ್ರಿಗೂ ಒಂದೇ ಸ್ಪೀಡಲ್ಲಿ ಹೇಳಬೇಕು, ಒಬ್ರಿಗೆ ದೀರ್ಘ ಕೈಗೆ ಹತ್ತಲ್ಲ, ಇನ್ನೊಬ್ರು ಒತ್ತಕ್ಷರದ ಹತ್ರ ನಿಂತುಬಿಡ್ತಾರೆ. ಫೋನಲ್ಲಾದ್ರೆ ಯಾರು ಎಲ್ಲಿ ಎಡವ್ತಾರೋ ಅದೇ ಅಕ್ಷರ ಮತ್ತೆ ಮತ್ತೆ ಬರುತ್ತೆ, ನೂರು ಸಲ ತಪ್ಪಿದ್ರೂ ಯಾರೂ ಮುಖ ನೋಡಲ್ಲ. ನಾಚಿಕೆ ಸ್ವಭಾವದೋರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಕಲಿಸೋರಿಗೇ ಗೊತ್ತು.

ಆದ್ರೆ ತೊಡಕು ಬೇರೆ ಕಡೆ ಇದೆ. ಕ್ಲಾಸಿಗೆ ಬರೋ ಒಬ್ಬ ಹುಡುಗಿ ಜೊತೆ ಮಾರ್ಕೆಟ್ಟಿಗೆ ಹೋಗಿದ್ದೆ. ಆ್ಯಪಲ್ಲಿ ಕಲಿತಿದ್ದು, "ಸೊಪ್ಪು ಒಂದು ಕಟ್ಟಿಗೆ ಎಷ್ಟು" ಅಂತ ಚೆನ್ನಾಗಿ, ಸ್ಪಷ್ಟವಾಗಿ ಕೇಳಿದ್ಲು. ಸೊಪ್ಪಿನಮ್ಮ ತಲೆನೂ ಎತ್ತದೆ "ದಂಟಾ ಮೆಂತ್ಯನಾ, ಮೆಂತ್ಯ ಇಪ್ಪತ್ತು, ಎರಡ್ ತಗೊಂಡ್ರೆ ಮೂವತ್ತೈದ್ ಮಾಡ್ಕೊಡ್ತೀನಿ ತಗೊಳವ್ವ" ಅಂದ್ರು, ಒಂದೇ ಉಸಿರಲ್ಲಿ. ಹುಡುಗಿ ನನ್ನ ಮುಖ ನೋಡಿದ್ಲು. ಅಷ್ಟರಲ್ಲಿ ಸೊಪ್ಪಿನಮ್ಮನೇ ಪಾಪ, "ಟ್ವೆಂಟಿ, ಟ್ವೆಂಟಿ" ಅಂದುಬಿಟ್ರು, ಮುಗೀತು ಅಲ್ಲಿಗೆ ಕನ್ನಡ. ಆ್ಯಪ್ ನಿಮಗೆ ಪ್ರಶ್ನೆ ಕೇಳೋದು ಕಲಿಸುತ್ತೆ, ಎದುರಿಗಿರೋರು ಏನಂತ ಉತ್ತರ ಕೊಡಬಹುದು, ಎಷ್ಟು ಜೋರಾಗಿ, ಎಷ್ಟು ಮಾತು ನುಂಗಿ ಕೊಡಬಹುದು, ಅದನ್ನ ಕಲಿಸಲ್ಲ. ನನ್ನ ಅನುಭವದಲ್ಲಿ ಜನ ಕನ್ನಡ ಬಿಡೋದು ಇದೇ ಜಾಗದಲ್ಲಿ.

ಕನ್ನಡ ಕಲಿಯೋರಷ್ಟೇ ಅಲ್ಲ, ಇಂಗ್ಲಿಷು, ಜರ್ಮನ್, ಜಪಾನೀಸ್ ಏನೇ ಕಲಿತಿರೋರೂ ಬರೀರಿ. ಆ್ಯಪ್ ಯಾವುದಕ್ಕೆ ನಿಜವಾಗ್ಲೂ ಉಪಯೋಗಕ್ಕೆ ಬಂತು, ಎಲ್ಲಿ ನಿಂತುಹೋಯ್ತು, ಅದನ್ನ ಮಾತ್ರ ಹೇಳಿ.

ವೈಟ್‌ಫೀಲ್ಡ್_ಕೋಡರ್:

ಅಕ್ಕ ಒಳ್ಳೇ ಟಾಪಿಕ್. ನಾನು ಜಪಾನೀಸ್ ಕಲೀತಾ ಇದೀನಿ, ಕ್ಲೈಂಟ್ ಟೋಕಿಯೋದಲ್ಲಿ. ನನ್ನ ಪ್ರಕಾರ ಮೊದಲು ಗೇಮ್ ಥರ ಇರೋ ಆ್ಯಪ್ ಬೇರೆ, ಮೆಮೊರಿ ಆ್ಯಪ್ ಬೇರೆ ಅಂತ ವಿಂಗಡಿಸ್ಕೋಬೇಕು, ಎಲ್ಲಾನೂ ಒಂದೇ ಬುಟ್ಟಿಗೆ ಹಾಕಿದ್ರೆ ಚರ್ಚೆ ಮುಂದೆ ಹೋಗಲ್ಲ.

ಮೆಮೊರಿ ಆ್ಯಪ್ ಅಂದ್ರೆ ಆಂಕಿ ಥರದ್ದು, ಮುಂದೆ ಪ್ರಶ್ನೆ ಹಿಂದೆ ಉತ್ತರ ಇರೋ ಕಾರ್ಡುಗಳನ್ನ ಮತ್ತೆ ಮತ್ತೆ ತೋರಿಸಿ ನೆನಪಲ್ಲಿ ಇಡಿಸೋ ಆ್ಯಪ್. ಇದರ ಹಿಂದೆ ಇರೋ ವಿಚಾರ ಹಳೇದು, 1885ರಲ್ಲೇ ಜರ್ಮನಿಯ ಎಬ್ಬಿಂಗ್‌ಹೌಸ್ ಅನ್ನೋರು ಅರ್ಥ ಇಲ್ಲದ ಉಚ್ಚಾರಗಳನ್ನ ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತು ಹೋಗುತ್ತೆ ಅಂತ ಅಳತೆ ಮಾಡಿ ಪ್ರಕಟಿಸಿದ್ರು. 1970ರ ದಶಕದಲ್ಲಿ ಲೈಟ್ನರ್ ಅನ್ನೋರು ಕಾರ್ಡ್‌ಗಳನ್ನ ಡಬ್ಬಗಳಲ್ಲಿ ಹಾಕೋ ಪದ್ಧತಿ ತಂದ್ರು, ಗೊತ್ತಿದ್ರೆ ಮುಂದಿನ ಡಬ್ಬಕ್ಕೆ, ಗೊತ್ತಿಲ್ದಿದ್ರೆ ವಾಪಸ್ ಮೊದಲನೇದಕ್ಕೆ. 1980ರ ದಶಕದ ಕೊನೇಲಿ ಪೋಲೆಂಡಿನ ವೊಜ್ನಿಯಾಕ್ ಇದಕ್ಕೆ ಕಂಪ್ಯೂಟರ್ ಲೆಕ್ಕಾಚಾರ ಕೊಟ್ರು, ಅದೇ ಲೆಕ್ಕಾಚಾರ ಇಟ್ಕೊಂಡು 2006ರಲ್ಲಿ ಆಂಕಿ ಬಂತು. ಮರೆಯೋಕೆ ಸ್ವಲ್ಪ ಮುಂಚೆ ಕಾರ್ಡು ಎದುರಿಗೆ ಬರಬೇಕು, ಇಷ್ಟೇ ಮರ್ಮ.

ಇನ್ನೊಂದು ವಿಷಯ, ಓದೋದು ಬೇರೆ ನೆನಪಿಸ್ಕೊಳ್ಳೋದು ಬೇರೆ. 2008ರಲ್ಲಿ ಕಾರ್ಪಿಕೆ, ರೋಡಿಗರ್ ಅನ್ನೋ ಇಬ್ರು ಸಂಶೋಧಕರು ಸೈನ್ಸ್ ಪತ್ರಿಕೇಲಿ ಹಾಕಿದ ಪ್ರಯೋಗ ಇದೆ, ಕಾಲೇಜು ಹುಡುಗರಿಗೆ 40 ಸ್ವಾಹಿಲಿ ಪದ ಕೊಟ್ಟು ಕಲಿಸಿದ್ರು. ಒಂದು ಸಲ ಬಂದ ಪದನ ಮತ್ತೆ ಮತ್ತೆ ನೆನಪಿಸ್ಕೊಂಡು ಪರೀಕ್ಷೆ ಮಾಡ್ಕೊಂಡೋರಿಗೆ ಒಂದು ವಾರ ಆದ್ಮೇಲೆ ಸುಮಾರು 80 ಪರ್ಸೆಂಟ್ ನೆನಪಿತ್ತು, ಬರೀ ಮತ್ತೆ ಮತ್ತೆ ಓದ್ಕೊಂಡೋರಿಗೆ ಅದರ ಅರ್ಧನೂ ಇರ್ಲಿಲ್ಲ. ಹಂಗಾಗಿ ನಾಲ್ಕು ಉತ್ತರ ಕೊಟ್ಟು ಒಂದನ್ನ ಒತ್ತು ಅನ್ನೋ ಆ್ಯಪ್‌ಗಳಲ್ಲಿ ನಾವು ಗುರುತು ಹಿಡೀತೀವಿ ಅಷ್ಟೇ, ತಲೆಯೊಳಗಿಂದ ಎಳ್ಕೊಂಡು ಬರಲ್ಲ. ಬೀದೀಲಿ ಯಾರೂ ನಾಲ್ಕು ಆಪ್ಷನ್ ಕೊಡಲ್ವಲ್ಲ.

ಟೈಮ್ ಲೆಕ್ಕನೂ ಹೇಳ್ತೀನಿ ಕೇಳಿ. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ಪ್ರಕಾರ ಇಂಗ್ಲಿಷ್ ಮಾತಾಡೋರಿಗೆ ಜಪಾನೀಸ್ ಕೈಗೆ ಬರೋಕೆ 2200 ಗಂಟೆ ಕ್ಲಾಸ್ ಬೇಕು. ದಿನಕ್ಕೆ ಹದಿನೈದು ನಿಮಿಷ ಆ್ಯಪ್ ಮಾಡ್ತೀನಿ ಅಂತ ಕೂತ್ರೆ 24 ವರ್ಷ ಆಗುತ್ತೆ. ನಮಗೆ ಅಷ್ಟು ಬೇಡ ಅನ್ನಿಸುತ್ತೆ, ಕನ್ನಡದ ಥರನೇ ಜಪಾನೀಸಲ್ಲೂ ಕ್ರಿಯಾಪದ ಕೊನೇಲಿ, ಪ್ರತ್ಯಯ ಹೆಸರಿನ ಹಿಂದೆ, ವಾಕ್ಯ ಕಟ್ಟೋವಾಗ ಇಂಗ್ಲಿಷ್ ಮೂಲಕ ಹೋಗದೆ ಸೀದಾ ಕನ್ನಡದಿಂದ ಹೋದ್ರೆ ನಂಗೆ ತುಂಬಾ ಸಲೀಸು. ಆದ್ರೆ ನಾನು ಬಳಸಿದ ಯಾವ ಆ್ಯಪೂ ಕನ್ನಡದ ಮೂಲಕ ಜಪಾನೀಸ್ ಕಲಿಸಲ್ಲ, ಎಲ್ಲಾ ಇಂಗ್ಲಿಷ್ ಮೂಲಕನೇ, ಆ ಸುತ್ತು ದಾರಿ ನಮಗೆ ಬೇಕಾಗೇ ಇರ್ಲಿಲ್ಲ.

ಗುವಾಹಟಿಯಿಂದ_ಗೊಟ್ಟಿಗೆರೆಗೆ:

ನಮಸ್ಕಾರ. ನಾನು ಅಸ್ಸಾಂನವನು, ಕನ್ನಡ ಕಲಿಯುತ್ತಾ ಇದ್ದೀನಿ, ಇದನ್ನೂ ಅರ್ಧ ಬಾಯಲ್ಲಿ ಹೇಳಿ ಫೋನಲ್ಲಿ ಟೈಪ್ ಮಾಡಿಸ್ತಾ ಇದ್ದೀನಿ, ತಪ್ಪಿದ್ದರೆ ದಯವಿಟ್ಟು ತಿದ್ದಿ.

ಮೊದಲು ಡುಯೋಲಿಂಗೋದಲ್ಲಿ ಹುಡುಕಿದೆ, ಅಲ್ಲಿ ಹಿಂದಿ ಇದೆ, ಕನ್ನಡ ಕಲಿಸೋ ಕೋರ್ಸ್ ಇಲ್ಲ. ಆಮೇಲೆ ಕೇಂದ್ರ ಶಿಕ್ಷಣ ಇಲಾಖೆಯ ಭಾಷಾ ಸಂಗಮ ಆ್ಯಪ್ ಹಾಕಿಕೊಂಡೆ, 2021ರಲ್ಲಿ ಬಂದಿದ್ದು, 22 ಭಾಷೆಗಳಲ್ಲಿ ದಿನಬಳಕೆಯ ನೂರು ಚಿಲ್ಲರೆ ವಾಕ್ಯ ಇದೆ. ಶುರು ಮಾಡೋಕೆ ಚೆನ್ನಾಗಿದೆ. ಆಮೇಲೆ "ಕನ್ನಡ ಗೊತ್ತಿಲ್ಲ" ಅನ್ನೋ ಹೆಸರಿನ ಸಂಸ್ಥೆಯವರ ವಾಟ್ಸಾಪ್ ಕ್ಲಾಸ್ ಬಗ್ಗೆ ಆಫೀಸಲ್ಲಿ ಒಬ್ಬರು ಹೇಳಿದರು, ವಾಟ್ಸಾಪಲ್ಲಿ ಕಲಿಯೋದು ಒಳ್ಳೆಯದು ಯಾಕೆಂದರೆ ಅಲ್ಲಿ ಡೌಟ್ ಕೇಳಿದರೆ ಮನುಷ್ಯರು ಉತ್ತರ ಕೊಡ್ತಾರೆ.

ನನ್ನ ಕಷ್ಟ ಬೇರೆ ಇದೆ. ಅಸ್ಸಾಮಿ ಭಾಷೆಯ ಉಚ್ಚಾರದಲ್ಲಿ ತ ಮತ್ತು ಟ ಬೇರೆ ಬೇರೆ ಅಲ್ಲ, ಬರೆಯುವಾಗ ಮಾತ್ರ ಬೇರೆ. ಹಾಗಾಗಿ ನನ್ನ ಕಿವಿಗೆ ಲ ಮತ್ತು ಳ ಕೂಡ ಒಂದೇ ಥರ ಕೇಳಿಸುತ್ತೆ. ಹಳ್ಳಿ ಅಂದಿದ್ದು ಹಲ್ಲಿ ಅಂತ ಕೇಳಿಸಿದ್ರೆ ಊರಿನ ಬಗ್ಗೆ ಮಾತಾಡ್ತಾ ಇದ್ದಾರೋ ಗೋಡೆ ಬಗ್ಗೆನೋ ಗೊತ್ತಾಗಲ್ಲ. ಆ್ಯಪಲ್ಲಿ ಮಾತಾಡಿದರೆ ಯಾವಾಗಲೂ ಹಸಿರು ಟಿಕ್ ಬರುತ್ತೆ, ನಿಜವಾಗಿ ಸರಿ ಇದೆಯಾ ಇಲ್ವಾ ತಿಳಿಯಲ್ಲ. ಅದಕ್ಕೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಹೇಳ್ತೀನಿ, ಫೋನ್ ಏನು ಬರೆಯುತ್ತೋ ನೋಡ್ತೀನಿ. ಇದು ಸರಿಯಾದ ಪರೀಕ್ಷೆನಾ?

ಇನ್ನೊಂದು ಮಾತು, ಇದನ್ನ ಬೇಜಾರಿಂದ ಹೇಳ್ತಾ ಇಲ್ಲ. ನಾನು ಕನ್ನಡದಲ್ಲಿ ಶುರು ಮಾಡಿದರೆ ಹತ್ತರಲ್ಲಿ ಏಳೆಂಟು ಜನ ಹಿಂದಿಯಲ್ಲಿ ಉತ್ತರ ಕೊಡ್ತಾರೆ. ನನ್ನ ಮುಖ ನೋಡಿ ಹಿಂದಿ ಬರುತ್ತೆ ಅಂದುಕೊಳ್ತಾರೆ. ಹಿಂದಿ ನನಗೂ ಶಾಲೆಯಲ್ಲಿ ಕಲಿತ ಭಾಷೆನೇ. ಮನೆಯಲ್ಲಿ ಆ್ಯಪಲ್ಲಿ ಕಲಿತಿದ್ದನ್ನ ಹೊರಗೆ ಬಳಸೋಕೆ ಜಾಗ ಸಿಗ್ತಾ ಇಲ್ಲ.

ವೈಟ್‌ಫೀಲ್ಡ್_ಕೋಡರ್:

ಗುರು ನಿಮ್ಮ ಕನ್ನಡ ಸೂಪರ್ ಆಗಿದೆ, ಮೊದಲು ಅದು ಹೇಳಬೇಕು. ವಾಯ್ಸ್ ಟೈಪಿಂಗ್ ಬಗ್ಗೆ ಒಂದು ಎಚ್ಚರಿಕೆ. ಗೂಗಲ್‌ನಲ್ಲಿ ಕನ್ನಡ ವಾಯ್ಸ್ ಟೈಪಿಂಗ್ 2017ರಿಂದ ಇದೆ, ಈಗ ತುಂಬಾ ಸುಧಾರಿಸಿದೆ, ಸುಧಾರಿಸಿರೋದೇ ಇಲ್ಲಿ ತೊಂದರೆ. ಅದು ಬರೀ ಧ್ವನಿ ಕೇಳಿ ಬರೆಯಲ್ಲ, ಅಕ್ಕಪಕ್ಕದ ಪದ ನೋಡಿ ಇಲ್ಲಿ ಏನು ಬರಬಹುದು ಅಂತ ಊಹೆ ಮಾಡುತ್ತೆ. "ನಮ್ಮ ಹಲ್ಲಿಯಲ್ಲಿ ಮಳೆ ಬಂತು" ಅಂತ ನೀವು ಅಂದ್ರೂ ಅದೇ ಸರಿಮಾಡಿ ಹಳ್ಳಿ ಅಂತ ಬರೆದುಬಿಡಬಹುದು. ಟೆಸ್ಟ್ ಮಾಡೋದಾದ್ರೆ ಪೂರ್ತಿ ವಾಕ್ಯ ಹೇಳಬೇಡಿ, ಒಂದೊಂದೇ ಪದ ಹೇಳಿ, ಒಂದು ಸಲ ಹಲ್ಲಿ ಒಂದು ಸಲ ಹಳ್ಳಿ, ಎರಡೂ ಬೇರೆ ಬೇರೆ ಬರುತ್ತಾ ನೋಡಿ. ಆಗಲೂ ಪೂರ್ತಿ ನಂಬೋ ಹಂಗಿಲ್ಲ, ಆದ್ರೆ ಏನೂ ಇಲ್ಲದ್ದಕ್ಕಿಂತ ಮೇಲು.

ಹುಬ್ಬಳ್ಳಿ_ಮಂದಿ:

ಅಕ್ಕಾರ ನೀವು ಹೇಳಿದ್ದು ಖರೇ ಐತ್ರಿ, ಆದ್ರ ಒಂದ್ ಮಾತು. ಈ ಆ್ಯಪ್‌ನಾಗ ಕಲಿಸೋದು ಯಾವ ಕನ್ನಡಾರೀ? ಅರ್ಧ ಪುಸ್ತಕದ ಕನ್ನಡ, "ನಾನು ಹೋಗುತ್ತೇನೆ" ಅಂತಾವ, ಉಳಿದದ್ದು ಬೆಂಗಳೂರು ಕನ್ನಡ. ನಮ್ಮ ಪೀಜಿನ್ಯಾಗ ಒಬ್ಬ ಒಡಿಶಾದಾಂವ ಇದ್ದ, ಛಲೋ ಕಲ್ತಿದ್ದ, ನಮ್ಮ ಕೂಡ ಮಾತಾಡೂಮುಂದ ಏನೂ ತಿಳೀವಲ್ದು ಅಂತಿದ್ದ. ಹಂಗಂತ ಎಲ್ಲಾ ಥರದ್ದು ಆ್ಯಪ್‌ನಾಗ ಹಾಕ್ರಿ ಅಂತ ನಾ ಹೇಳೂದಿಲ್ಲ, ಆದ್ರ ಕನ್ನಡ ಅಂದ್ರ ಒಂದ ಥರಾ ಅಲ್ಲ ಅಂತ ಮೊದಲನೇ ಪಾಠದಾಗ ಹೇಳಿಬಿಟ್ರ ಕಲಿಯಾಂವ ಎದಿಗುಂದೂದಿಲ್ಲ.

ಹಂಪಿನಗರದ_ಅಕ್ಕ:

ಎಲ್ಲಾ ಓದಿದೆ. ಹುಬ್ಬಳ್ಳಿಯವರೇ, ನೂರಕ್ಕೆ ನೂರು ಒಪ್ತೀನಿ. ಓದೋ ಕನ್ನಡ ಬೇರೆ ಆಡೋ ಕನ್ನಡ ಬೇರೆ ಅನ್ನೋದು ಕ್ಲಾಸಲ್ಲಿ ನಾನು ಮೊದಲ ದಿನವೇ ಹೇಳ್ತೀನಿ, ಬೋರ್ಡು ಓದೋಕೆ ಒಂದು, ಆಟೋ ಅಣ್ಣನ ಹತ್ರ ಮಾತಾಡೋಕೆ ಒಂದು.

ಗೊಟ್ಟಿಗೆರೆಯವರ ಲ, ಳ ಸಮಸ್ಯೆಗೆ ನಾವು ಕ್ಲಾಸಲ್ಲಿ ಒಂದು ಉಪಾಯ ಮಾಡಿದೀವಿ, ಅದು ನಿಜವಾಗ್ಲೂ ಕೆಲಸ ಮಾಡ್ತಿದೆ, ಅದನ್ನ ವಿವರವಾಗಿ ಹೇಳ್ತೀನಿ. 1991ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಲೋಗನ್, ಲೈವ್ಲಿ, ಪಿಸೋನಿ ಅನ್ನೋರು ಜಪಾನಿನವರಿಗೆ ಇಂಗ್ಲಿಷಿನ ರ್, ಲ್ ವ್ಯತ್ಯಾಸ ಕಿವಿಗೆ ಹಿಡಿಸೋ ಪ್ರಯೋಗ ಮಾಡಿದ್ರು. ಒಬ್ಬರದ್ದೇ ದನಿ ಕೇಳಿಸದೆ ಬೇರೆ ಬೇರೆ ಜನರ ದನೀಲಿ, ಬೇರೆ ಬೇರೆ ಪದಗಳಲ್ಲಿ ಕೇಳಿಸಿದ್ರು, ತಪ್ಪಾದ ತಕ್ಷಣ ತಪ್ಪು ಅಂತ ಹೇಳಿದ್ರು, ದೊಡ್ಡೋರ ಕಿವೀನೂ ಸುಧಾರಿಸ್ತು. ಆಮೇಲೆ ಬಂದ ಎಷ್ಟೋ ಸಂಶೋಧನೆಗಳು ಇದೇ ದಾರೀಲಿ ಹೋಗಿವೆ. ಆ್ಯಪ್‌ಗಳಲ್ಲಿ ಏನಾಗಿದೆ ನೋಡಿ, ಕನ್ನಡಕ್ಕೆ ಅಂದ್ರೆ ಒಂದೇ ಹೆಣ್ಣು ದನಿ, ಅದೂ ಎಷ್ಟೋ ಕಡೆ ಮೆಷಿನ್ ದನಿ. ಆ ಒಂದು ದನಿಗೆ ಕಿವಿ ಒಗ್ಗಿಬಿಡುತ್ತೆ, ಬೀದೀಲಿ ಬೇರೆ ದನಿ ಬಂದ್ರೆ ತಬ್ಬಿಬ್ಬು.

ನಾವು ಮಾಡಿದ್ದು ಏನಂದ್ರೆ, ಆಂಕಿಡ್ರಾಯ್ಡ್ ಅನ್ನೋ ಫ್ರೀ ಆ್ಯಪಲ್ಲಿ, ಅಂದ್ರೆ ಆಂಡ್ರಾಯ್ಡ್ ಫೋನಿಗೆ ಇರೋ ಆಂಕೀಲಿ, ನಮ್ಮದೇ ಕಾರ್ಡ್ ಮಾಡ್ಕೊಂಡ್ವಿ. ನಮ್ಮನೆ ಕೆಲಸಕ್ಕೆ ಬರೋ ಅಕ್ಕ, ಮೂಲೆ ಅಂಗಡಿ ಶೆಟ್ರು, ನಮ್ಮ ಅತ್ತೆ, ಪಕ್ಕದ ಮನೆ ಪಿಯುಸಿ ಹುಡುಗ, ಹಾಲು ಹಾಕೋ ಅಣ್ಣ, ಇವರನ್ನೆಲ್ಲ ಕೇಳಿ, ಅವರು ಒಪ್ಪಿದ ಮೇಲೆ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡ್ವಿ. ಒಬ್ಬೊಬ್ರದ್ದೂ ಚಿಕ್ಕ ಚಿಕ್ಕ ತುಣುಕು, ಮೂರು ನಾಲ್ಕು ಸೆಕೆಂಡಿಂದು. ಬಿಡಿ ಪದ ಬೇಡ, ಅವರು ದಿನಾ ಆಡೋ ಮಾತು. ಕಾರ್ಡಿನ ಮುಂದೆ ಅಕ್ಷರ ಏನೂ ಇರಲ್ಲ, ಬರೀ ದನಿ. ಕೇಳಿಸ್ಕೊಂಡು, ಏನಂದ್ರು ಅಂತ ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ಕಾರ್ಡು ತಿರುಗಿಸಿದ್ರೆ ಕನ್ನಡದಲ್ಲಿ ಬರೆದಿರುತ್ತೆ, ಕೆಳಗೆ ಅರ್ಥ. ಕೇಳಿಸಲೇ ಇಲ್ವಾ, "ಮತ್ತೆ" ಅಂತ ಒತ್ತಿ, ಒಂದೆರಡು ನಿಮಿಷದಲ್ಲೇ ಮತ್ತೆ ಬರುತ್ತೆ. ಕೇಳಿಸ್ತಾ, ಒಂದು ದಿನ ಬಿಟ್ಟು, ಆಮೇಲೆ ಮೂರ್ನಾಲ್ಕು ದಿನ ಬಿಟ್ಟು, ಹಂಗೇ ದೂರ ದೂರ ಹೋಗುತ್ತೆ.

ಶೆಟ್ರ ಒಂದು ಕಾರ್ಡ್ ಇದೆ, "ಚಿಲ್ರೆ ಇಲ್ವಲ್ಲಮ್ಮ, ಫೋನ್‌ಪೇ ಮಾಡ್ಬಿಡಿ" ಅಂತ. ಪುಸ್ತಕದಲ್ಲಿ ಈ ವಾಕ್ಯ ಎಲ್ಲೂ ಸಿಗಲ್ಲ, ಬೆಂಗಳೂರಲ್ಲಿ ದಿನಕ್ಕೆ ಹತ್ತು ಸಲ ಕೇಳಿಸುತ್ತೆ. ಆ ಕಾರ್ಡು ಬಾಯಿಗೆ ಬಂದ ಮೇಲೆ ನಮ್ಮ ಕ್ಲಾಸಿನ ಒಬ್ಬ ಹುಡುಗ ಶೆಟ್ರ ಅಂಗಡಿಗೇ ಹೋಗಿ ನಿಂತು ಮಾತಾಡಿ ಬಂದ, ಅವರು ಖುಷಿಯಾಗಿ ಇನ್ನಷ್ಟು ರೆಕಾರ್ಡ್ ಮಾಡ್ಕೊಟ್ರು.

ಪದಗಳ ಅರ್ಥಕ್ಕೆ ಅಲರ್ ನಿಘಂಟು ಇಟ್ಕೊಳ್ಳಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಮಾಡಿದ ಕನ್ನಡ ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷದಷ್ಟು ಪದ ಇದೆ, 2019ರಲ್ಲಿ ಎಲ್ರಿಗೂ ಮುಕ್ತವಾಗಿ ಬಿಟ್ರು. ಮೊಬೈಲಲ್ಲೇ ತೆರೆಯುತ್ತೆ.

ಬಿ2_ಸಿಸ್ಟರ್:

ನಾನು ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋಗೋಕೆ ರೆಡಿ ಆಗ್ತಿದೀನಿ, ಹಾಸ್ಟೆಲಲ್ಲಿ ನಾವು ಆರು ಜನ ಒಟ್ಟಿಗೆ ಓದ್ತೀವಿ. ಅಲ್ಲಿ ನರ್ಸ್ ಆಗಿ ಮಾನ್ಯತೆ ಸಿಗ್ಬೇಕಂದ್ರೆ ಸಾಮಾನ್ಯವಾಗಿ ಬಿ2 ಅನ್ನೋ ಮಟ್ಟದ ಜರ್ಮನ್ ಕೇಳ್ತಾರೆ. ಜರ್ಮನ್ ಕಲಿಸೋ ಇಂದಿರಾನಗರದ ಗಯಟೆ ಇನ್‌ಸ್ಟಿಟ್ಯೂಟ್ ಪರೀಕ್ಷೇಲಿ ಓದೋದು, ಕೇಳೋದು, ಬರೆಯೋದು, ಮಾತಾಡೋದು ಅಂತ ನಾಲ್ಕು ಭಾಗ, ಒಂದೊಂದರಲ್ಲೂ ನೂರಕ್ಕೆ 60 ಬರಬೇಕು, ಒಂದರಲ್ಲಿ ಜಾಸ್ತಿ ಬಂತು ಅಂತ ಇನ್ನೊಂದಕ್ಕೆ ಸೇರಿಸಲ್ಲ.

ಇದರಲ್ಲಿ ಆ್ಯಪ್ ಎಲ್ಲಿ ಕೈ ಹಿಡೀತು ಅಂದ್ರೆ, ನಾಮಪದದ ಲಿಂಗ. ಜರ್ಮನಲ್ಲಿ ಮೇಜು ಗಂಡು, ಗಡಿಯಾರ ಹೆಣ್ಣು, ಪುಸ್ತಕ ನಪುಂಸಕ, ನಮಗೆ ಅದಕ್ಕೊಂದು ತರ್ಕ ಸಿಗಲ್ಲ, ಬಾಯಿಪಾಠನೇ ಗತಿ. ನಾವು ಆಂಕೀಲಿ ಗಂಡಿಗೆ ನೀಲಿ, ಹೆಣ್ಣಿಗೆ ಕೆಂಪು, ಇನ್ನೊಂದಕ್ಕೆ ಹಸಿರು ಬಣ್ಣ ಕೊಟ್ಕೊಂಡು ಬಸ್ಸಲ್ಲಿ, ಡ್ಯೂಟಿ ಮಧ್ಯೆ ಮಾಡಿದ್ವಿ, ಬಂತು. ಕೇಳೋದಕ್ಕೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲೆ ಅವರ ಜರ್ಮನ್ ಕಲಿಕೆ ಆ್ಯಪ್ ಪೂರ್ತಿ ಫ್ರೀ, ದುಡ್ಡು ಕೊಟ್ಟಿದ್ದಕ್ಕಿಂತ ಅದೇ ಚೆನ್ನಾಗಿದೆ. ದುಡ್ಡಿನ ವಿಷಯ ಬಂತು ಅಂತ ಹೇಳ್ತೀನಿ, ಫ್ರೀ ಟ್ರಯಲ್ ಅಂತ ಒಂದು ಆ್ಯಪಿಗೆ ಕಾರ್ಡ್ ಡಿಟೇಲ್ಸ್ ಕೊಟ್ಟಿದ್ದ ನನ್ನ ಫ್ರೆಂಡಿಗೆ ಟ್ರಯಲ್ ಮುಗಿದ ದಿನ ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಾಯ್ತು. ಹೊಸಬರು ದಯವಿಟ್ಟು ಟ್ರಯಲ್ ತಗೊಂಡ್ರೆ, ಅದು ಮುಗಿಯೋ ಮುಂಚೆನೇ ಆಟೋಪೇ ಆಫ್ ಮಾಡಿ.

ಎಲ್ಲಿ ಆ್ಯಪ್ ನಿಂತುಹೋಯ್ತು ಅಂದ್ರೆ ಮಾತಾಡೋ ಭಾಗದಲ್ಲಿ. ಬಿ2ನಲ್ಲಿ ಒಂದು ವಿಷಯದ ಮೇಲೆ ನಾಲ್ಕು ನಿಮಿಷ ಭಾಷಣ ಥರ ಹೇಳಬೇಕು, ಆಮೇಲೆ ಎದುರಿಗಿರೋ ಇನ್ನೊಬ್ಬ ಅಭ್ಯರ್ಥಿ ಜೊತೆ ವಾದ ಮಾಡಬೇಕು. ವಾದ ಮಾಡೋವಾಗ ಅವರ ಮಾತು ಮುಗಿಯೋ ಮುಂಚೆನೇ ನಮ್ಮ ಉತ್ತರ ತಯಾರಾಗ್ತಿರಬೇಕು. ಯಾವ ಆ್ಯಪಲ್ಲೂ ಈ ಅಭ್ಯಾಸ ನಮಗೆ ಸಿಗಲಿಲ್ಲ. ರಾತ್ರಿ ಊಟ ಆದ್ಮೇಲೆ ಟೆರೇಸ್ ಮೇಲೆ ಇಬ್ಬಿಬ್ರು ನಿಂತು ವಾದ ಮಾಡ್ತೀವಿ, ಮೂರನೆಯವಳು ಫೋನಲ್ಲಿ ಟೈಮ್ ಇಟ್ಟು ತಪ್ಪು ಬರ್ಕೋತಾಳೆ, ಆ ತಪ್ಪುಗಳೇ ಮಾರನೇ ದಿನ ಆಂಕಿ ಕಾರ್ಡಾಗುತ್ತೆ. ಹಂಪಿನಗರದ ಅಕ್ಕ ಹೇಳಿದ ಹಾಗೇನೇ ಇದು, ಜನರ ಜೊತೆ ಆಡಿದ ಮಾತಿಂದ ಕಾರ್ಡು ಹುಟ್ಟಬೇಕು. ಯಾರೋ ಎಲ್ಲೋ ಮಾಡಿದ ಕಾರ್ಡು ನಮ್ಮ ಬಾಯಿಗೆ ಬರೋದು ಕಷ್ಟ.

ಮಾಗಡಿರೋಡ್_ಮೇಷ್ಟ್ರು:

ನಾನು ಸರ್ಕಾರಿ ಶಾಲೆ ಮೇಷ್ಟ್ರು, ಕನ್ನಡ ಮಾಧ್ಯಮ. ನೀವೆಲ್ಲ ದೊಡ್ಡೋರು ಕಲಿಯೋದು ಹೇಳ್ತಿದೀರ, ಚೆನ್ನಾಗಿದೆ, ನಮ್ಮ ಮಕ್ಕಳಿಗೆ ಇಂಗ್ಲಿಷೇ ಎರಡನೇ ಭಾಷೆ, ಅವರ ಕಥೆನೂ ಒಂದ್ಸಲ ಕೇಳಿ.

ಮೊದಲನೇದು, ಫೋನು ಅವರದ್ದಲ್ಲ. ಅಪ್ಪ ಗಾರ್ಮೆಂಟ್ಸೋ, ಗಾರೆ ಕೆಲಸನೋ, ಸೆಕ್ಯೂರಿಟಿನೋ ಮುಗಿಸಿ ಮನೆಗೆ ಬಂದ ಮೇಲೆ ಫೋನ್ ಕೈಗೆ ಬರುತ್ತೆ, ಆಗ ರಾತ್ರಿ ಒಂಬತ್ತು ಗಂಟೆ, ಮಗು ನಿದ್ದೆ ಕಣ್ಣಲ್ಲಿ ಇರುತ್ತೆ, ಡೇಟಾ ಖಾಲಿಯಾಗಿರುತ್ತೆ. ದಿನಾ ಹದಿನೈದು ನಿಮಿಷ ಅಂತ ಯಾವ ಆ್ಯಪ್ ಹೇಳಿದ್ರೂ ಆ ಹದಿನೈದು ನಿಮಿಷ ಆ ಮನೇಲಿ ಎಲ್ಲಿಂದ ಬರಬೇಕು ಹೇಳಿ. ಸತತ ಇಷ್ಟು ದಿನ ಅಂತ ಬೆಂಕಿ ಚಿತ್ರ ತೋರಿಸೋ ಲೆಕ್ಕ ಇದೆಯಲ್ಲ, ಅದು ಒಂದು ದಿನ ತಪ್ಪಿದ್ರೆ ಸೊನ್ನೆಗೆ ಬರುತ್ತೆ, ಮಗುವಿಗೆ ತಾನು ಸೋತೆ ಅನ್ನಿಸುತ್ತೆ. ಅದು ಮಗುವಿನ ತಪ್ಪಲ್ಲ. ನನಗೆ ಈ ವಿಷಯದಲ್ಲಿ ಸಿಟ್ಟೇ ಬರುತ್ತೆ.

ಎರಡನೇದು, ಇಂಗ್ಲಿಷ್ ಕಲಿಸೋ ಆ್ಯಪ್‌ಗಳಲ್ಲಿ ಬಹಳಷ್ಟು ಹಿಂದೀಲಿ ವಿವರಣೆ ಕೊಡ್ತವೆ, ನಮ್ಮ ಮಕ್ಕಳಿಗೆ ಒಂದು ಗೊತ್ತಿಲ್ಲದ ಭಾಷೆ ಕಲಿಯೋಕೆ ಇನ್ನೊಂದು ಗೊತ್ತಿಲ್ಲದ ಭಾಷೆ.

ಉಪಯೋಗಕ್ಕೆ ಬಂದಿದ್ದೂ ಹೇಳಬೇಕು. ನಮ್ಮ ಬೆಂಗಳೂರಿನದ್ದೇ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ, 2015ರಲ್ಲಿ ಶುರುವಾಗಿದ್ದು, ಮಕ್ಕಳ ಕಥೆ ಪುಸ್ತಕಗಳು ಉಚಿತವಾಗಿ, ಎಷ್ಟೋ ಭಾಷೇಲಿ, ಓದೋ ಮಟ್ಟ 1ರಿಂದ 4ರವರೆಗೆ ಗುರುತು ಹಾಕಿ ಇಟ್ಟಿದ್ದಾರೆ. ಡೌನ್‌ಲೋಡ್ ಮಾಡಿ ಶಾಲೆಯ ಟ್ಯಾಬ್‌ಗೆ ಹಾಕ್ಕೊಂಡ್ರೆ ನೆಟ್ ಬೇಡ. ಅದೇ ಕಥೆನ ಕನ್ನಡದಲ್ಲಿ ಮೊದಲು ಓದಿಸ್ತೀನಿ, ಕಥೆ ಏನು ಅಂತ ಮಕ್ಕಳಿಗೆ ಗೊತ್ತಾಗುತ್ತೆ, ನಗ್ತಾರೆ, ಆಮೇಲೆ ಇಂಗ್ಲಿಷಲ್ಲಿ ಅದೇ ಚಿತ್ರ, ಅದೇ ಕಥೆ. ಆಗ ಮಗು ಪದಕ್ಕೆ ಹೆದರಲ್ಲ, ಕಥೆ ಹಿಡ್ಕೊಂಡು ಪದ ಊಹೆ ಮಾಡುತ್ತೆ. ಮೂರನೇ ಕ್ಲಾಸಿನ ಒಂದು ಹುಡುಗಿ ಇಂಗ್ಲಿಷ್ ಪುಟ ತೆಗೆದು ಬೆರಳಿಟ್ಟು ಓದ್ತಾ, ಗೊತ್ತಿಲ್ಲದ ಪದ ಬಂದಾಗ ಚಿತ್ರ ನೋಡಿ, "ಇದು ಆನೆ ಮರಿ ಅಂತ ಇರ್ಬೇಕು ಸಾರ್" ಅಂತ ಹೇಳ್ತಾಳೆ. ಬರೀ ಪದಪಟ್ಟಿ ಕೊಡೋ ಆ್ಯಪಿಂದ ಈ ಧೈರ್ಯ ಬಂದಿದ್ದು ನಾನು ನೋಡಿಲ್ಲ. ಪಠ್ಯಪುಸ್ತಕದಲ್ಲಿರೋ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ವಿಡಿಯೋ ತೋರಿಸೋದೂ ಇದೆ, ಕೆಲವು ಪಾಠಕ್ಕೆ ಪರವಾಗಿಲ್ಲ.

2015ರಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂತು, ಹೊರಗಿನವರ ಮಕ್ಕಳೂ ಶಾಲೇಲಿ ಕನ್ನಡ ಕಲಿಯಬೇಕು ಅಂತ. ಆ ಮಕ್ಕಳಿಗೂ ಈ ದಾರಿ ಉಲ್ಟಾ ಮಾಡಿದ್ರೆ ಆಯ್ತು, ಇಂಗ್ಲಿಷ್ ಮೊದಲು, ಕನ್ನಡ ಆಮೇಲೆ, ಕಥೆ ಒಂದೇ.

ಸಿಂಪಲ್_ಸೀನ:

ಇಷ್ಟೆಲ್ಲ ಯಾಕೆ, ಈಗ ಎಐ ಬಂದಿದೆಯಲ್ಲ, ಅದರ ಜೊತೆ ಕನ್ನಡದಲ್ಲೇ ಮಾತಾಡಬಹುದು, ಹಳೇ ಆ್ಯಪ್ ಎಲ್ಲಾ ಮುಚ್ಚಬೇಕು ಇನ್ನು.

ವೈಟ್‌ಫೀಲ್ಡ್_ಕೋಡರ್:

ಮಗಾ ಪೂರ್ತಿ ತಳ್ಳಿಹಾಕಲ್ಲ ನಾನು. 2024ರಲ್ಲಿ ಗೂಗಲ್‌ನವರು ತಮ್ಮ ಮಾತಾಡೋ ಎಐ ಜೆಮಿನೈ ಲೈವ್‌ಗೆ ಕನ್ನಡ ಸೇರಿ ಒಂಬತ್ತು ಭಾರತೀಯ ಭಾಷೆ ಘೋಷಣೆ ಮಾಡಿದ್ರು, ನಾನೂ ಮಾತಾಡಿ ನೋಡಿದೀನಿ, ನಾಚಿಕೆ ಬಿಡಿಸೋಕೆ ಇದಕ್ಕಿಂತ ಒಳ್ಳೇದು ಸಿಗಲ್ಲ. "ನೀನು ಆಟೋ ಡ್ರೈವರ್, ನಾನು ಮೆಜೆಸ್ಟಿಕ್‌ಗೆ ಹೋಗ್ಬೇಕು, ಜಾಸ್ತಿ ಕೇಳು, ನಾನು ಚೌಕಾಸಿ ಮಾಡ್ತೀನಿ" ಅಂತ ಹೇಳಿದ್ರೆ ಮಾಡುತ್ತೆ. ಆದ್ರೆ ಎರಡು ತೊಂದರೆ. ಒಂದು, ಅದರ ಕನ್ನಡ ತುಂಬಾ ಮಡಿ ಮಡಿ, ಹುಬ್ಬಳ್ಳಿಯವರು ಹೇಳಿದ ಪುಸ್ತಕದ ಕನ್ನಡನೇ ಜಾಸ್ತಿ. ಇನ್ನೊಂದು ಮುಖ್ಯ, ಅದು ಕಲಿಯೋರಿಗಾಗಿ ಕಾಯುತ್ತೆ, ತಪ್ಪು ಹೇಳಿದ್ರೂ ಅರ್ಥ ಮಾಡ್ಕೊಂಡು ನಯವಾಗಿ ಮುಂದೆ ಹೋಗುತ್ತೆ. ಹೊರಗೆ ಜನಕ್ಕೆ ಟೈಮ್ ಇರಲ್ಲ. ನಾನು ಜಪಾನೀಸಲ್ಲಿ ಎಐ ಜೊತೆ ಅರ್ಧ ಗಂಟೆ ಸಲೀಸಾಗಿ ಮಾತಾಡ್ತೀನಿ, ಕ್ಲೈಂಟ್ ಕಾಲ್‌ನಲ್ಲಿ ಮೂರು ಜನ ಒಟ್ಟಿಗೆ ಮಾತಾಡೋಕೆ ಶುರು ಮಾಡಿದ್ರೆ ಸುಮ್ನಾಗ್ತೀನಿ. ಅದು ಬೇರೆ ವಿದ್ಯೆ.

ಬಿ2_ಸಿಸ್ಟರ್:

ಒಪ್ಪಿದೆ. ವ್ಯಾಕರಣ ವಿವರಿಸೋಕೆ ಮಾತ್ರ ನಾವೂ ಎಐ ಬಳಸ್ತೀವಿ, ಆಮೇಲೆ ಟೀಚರ್ ಹತ್ರ ಒಂದ್ಸಲ ಕೇಳಿ ಖಚಿತ ಮಾಡ್ಕೋತೀವಿ.

ಹಂಪಿನಗರದ_ಅಕ್ಕ:

ಗೊಟ್ಟಿಗೆರೆಯವರು ಕೊನೇಲಿ ಬರೆದಿದ್ದು ನನ್ನ ತಲೇಲಿ ಕೂತುಬಿಟ್ಟಿದೆ, ಅದಕ್ಕೆ ಉತ್ತರ ಕೊಡದೆ ಈ ಚರ್ಚೆ ಬಿಡೋಕೆ ಇಷ್ಟ ಇಲ್ಲ. ಇದು ಕನ್ನಡದೋರಿಗೆ ಹೇಳ್ತಿರೋ ಮಾತು. 2011ರ ಜನಗಣತಿ ಪ್ರಕಾರ ಇಡೀ ಕರ್ನಾಟಕದಲ್ಲಿ ಕನ್ನಡ ಮಾತೃಭಾಷೆ ಆಗಿರೋರು ನೂರಕ್ಕೆ 66 ಜನ, ಬೆಂಗಳೂರಲ್ಲಿ ಆ ಪಾಲು ಇನ್ನೂ ಕಮ್ಮಿ. ಅಂದ್ರೆ ಈ ಊರಲ್ಲಿ ಕನ್ನಡ ಉಳೀಬೇಕಾದ್ರೆ ಎರಡನೇ ಭಾಷೆಯಾಗಿ ಕಲಿಯೋರು ಬೇಕೇ ಬೇಕು. ಅಂಥೋರು ಫೋನಲ್ಲಿ ಕಷ್ಟಪಟ್ಟು ಕಲಿತು, ಧೈರ್ಯ ಮಾಡಿ ಬಾಯಿ ಬಿಟ್ಟಾಗ, ನಾವು ಸಹಾಯ ಮಾಡ್ತೀವಿ ಅಂದ್ಕೊಂಡು ಹಿಂದೀಗೋ ಇಂಗ್ಲಿಷ್‌ಗೋ ಹಾರಿಬಿಡ್ತೀವಿ. ನಮ್ಮ ಉದ್ದೇಶ ಒಳ್ಳೇದೇ. ಆದ್ರೆ ಅವರಿಗೆ ಆಗೋ ನಷ್ಟ ನಮಗೆ ಕಾಣಲ್ಲ.

ಕ್ಲಾಸಿನೋರಿಗೆ ನಾನು ಒಂದು ವಾಕ್ಯ ಎಲ್ಲಕ್ಕಿಂತ ಮೊದಲು ಕಲಿಸ್ತೀನಿ, "ಕನ್ನಡದಲ್ಲೇ ಹೇಳಿ, ನಿಧಾನಕ್ಕೆ ಹೇಳಿ, ಕಲೀತಾ ಇದೀನಿ." ಯಾವ ಆ್ಯಪಲ್ಲೂ ಇದು ಮೊದಲ ಪಾಠ ಆಗಿರೋದು ನಾನು ನೋಡಿಲ್ಲ, ಆಗಿರಬೇಕು. ಈ ವಾಕ್ಯ ಕೇಳಿದ ಮೇಲೆ ಬೇಡ ಅಂದೋರು ಬಹಳ ಕಮ್ಮಿ, ನಮ್ಮ ಜನ ಮಾತಾಡ್ತಾರೆ, ಖುಷಿಯಿಂದ ಮಾತಾಡ್ತಾರೆ, ಆಟೋ ಅಣ್ಣಂದಿರಂತೂ ಇಳಿಯೋವರೆಗೂ ಪಾಠ ಮಾಡ್ತಾರೆ. ಉತ್ತರ ಅರ್ಥ ಆಗ್ಲಿಲ್ಲ ಅಂದ್ರೆ ಅಲ್ಲೇ ಕೇಳಿ ರೆಕಾರ್ಡ್ ಮಾಡ್ಕೊಂಡು ಬನ್ನಿ, ಮನೇಲಿ ಕಾರ್ಡ್ ಮಾಡಿ, ಮತ್ತೆ ಅದೇ ಅಂಗಡಿಗೆ ಹೋಗಿ. ದಿನಾ ಹೋಗೋ ನಾಲ್ಕು ಜಾಗ ಸಾಕು, ಇಡೀ ಊರು ಬೇಡ.

ಹುಬ್ಬಳ್ಳಿ_ಮಂದಿ:

ಅಕ್ಕಾರ ನಿಮ್ಮ ಕಾರ್ಡಿನ್ಯಾಗ ನಂದೂ ಎರಡು ಮಾತು ಹಾಕ್ರಲಾ. ಉತ್ತರ ಕರ್ನಾಟಕದ ದನಿನೂ ಕೇಳ್ಲಿ ಮಂದಿ. ಖಾನಾವಳಿಗೆ ಹೋದ್ರ ಬೇಕಾಗ್ತೈತಿ, "ಇನ್ನೊಂದ್ ರೊಟ್ಟಿ ಹಾಕ್ಲ್ಯಾ, ಪಲ್ಯಾ ಬೇಕೇನ್ರಿ" ಅಂತ ಅವ್ರು ಕೇಳೂದು ತಿಳೀಬೇಕಲ್ಲ.

ಹಂಪಿನಗರದ_ಅಕ್ಕ:

ಖಂಡಿತ ಕಳಿಸಿ, ಅದಕ್ಕೆ ಬೇರೆ ಡೆಕ್, ಅಂದ್ರೆ ಕಾರ್ಡಿನ ಕಟ್ಟು, ಮಾಡ್ತೀನಿ, ಮೊದಲ ಡೆಕ್ ಮುಗಿಸಿದೋರಿಗೆ. ಫ್ಯಾನ್ ಆಫ್ ಮಾಡಿ ರೆಕಾರ್ಡ್ ಮಾಡಿ, ಒಂದು ತುಣುಕಲ್ಲಿ ಒಂದೇ ಮಾತು ಇರ್ಲಿ.

ಗುವಾಹಟಿಯಿಂದ_ಗೊಟ್ಟಿಗೆರೆಗೆ:

ಅಕ್ಕ, ತುಂಬಾ ಥ್ಯಾಂಕ್ಸ್. ಆ ವಾಕ್ಯ ಬರೆದುಕೊಂಡೆ. ಒಂದು ಡೌಟ್, ನನ್ನದು ಐಫೋನ್, ಅದರಲ್ಲಿ ಆಂಕಿ ದುಡ್ಡು ಕೊಟ್ಟು ತಗೋಬೇಕು ಅಂತ ತೋರಿಸ್ತಾ ಇದೆ, ಎರಡು ಸಾವಿರಕ್ಕೂ ಮೇಲೆ. ಬೇರೆ ದಾರಿ ಇದೆಯಾ?

ವೈಟ್‌ಫೀಲ್ಡ್_ಕೋಡರ್:

ಐಫೋನ್ ಆ್ಯಪಿಗೆ ಮಾತ್ರ ದುಡ್ಡು, ಉಳಿದಿದ್ದೆಲ್ಲ ಫ್ರೀ. ಲ್ಯಾಪ್‌ಟಾಪಲ್ಲಿ ಆಂಕಿ ಹಾಕ್ಕೊಂಡು ಅಕ್ಕನ ಡೆಕ್ ಇಂಪೋರ್ಟ್ ಮಾಡಿ, ಒಂದು ಅಕೌಂಟ್ ಮಾಡಿ ಸಿಂಕ್ ಒತ್ತಿ, ಆಮೇಲೆ ಫೋನಿನ ಬ್ರೌಸರಲ್ಲಿ ಆಂಕಿವೆಬ್ ತೆಗೆದು ಲಾಗಿನ್ ಆದ್ರೆ ಕಾರ್ಡ್ ಎಲ್ಲಾ ಅಲ್ಲೇ ಬರುತ್ತೆ, ಆಡಿಯೋನೂ ಬರುತ್ತೆ. ನೆಟ್ ಇರಬೇಕು ಅಷ್ಟೇ. ಅದೇ ಥರದ ಹೆಸರಲ್ಲಿ ನಕಲಿ ಆಂಕಿ ಆ್ಯಪ್‌ಗಳು ಸ್ಟೋರಲ್ಲಿವೆ, ಅವನ್ನ ಹಾಕ್ಕೋಬೇಡಿ, ಸಿಂಕ್ ಆಗಲ್ಲ.